ಯಾರ ಮೊಟ್ಟೆ, ಯಾರ ಕಾವು

ಬಟ್ಟೆ ಹೊಲಿಯುವ ಮಿಷನ್ನಕ್ಕನ ಕೋಳಿ ಮೊಟ್ಟೆ ಇಡುತ್ತಿತ್ತೇ ಹೊರತು ಕಾವಿಗೆ ಕೂರುತ್ತಿರಲಿಲ್ಲ. ಪಕ್ಕದ ಮನೆಯ ಓರಗಿತ್ತಿಯ ಕೋಳಿ ಕಾವಿಗೆ ಕೂತಾಗ ಅಕ್ಕ ತನ್ನ ಕೋಳಿಯ ಮೊಟ್ಟೆಗಳನ್ನು ಅದರಡಿ ಇಡಿಸಿದಳು. ಮರಿಗಳಾದವು. ಓಣಿಯವರೆಲ್ಲ ಓರಗಿತ್ತಿಯ ಅಂಗಳದಲ್ಲಿ ನಿಂತು “ಏನು ಕೈಗುಣವಮ್ಮ ನಿಂದು!” ಎಂದು ಹೊಗಳುವುದನ್ನು ಕೇಳಿ ಅಕ್ಕನಿಗೆ ಮೈ ಉರಿದುಹೋಯಿತು.

“ಮೊಟ್ಟೆ ನನ್ನವಲ್ವೇನೆ?”

“ನಿಮ್ಮವೇ ಅಕ್ಕ. ಮರಿಗಳು ಬಂದ್ರೆ ಕರ್ಕೊಂಡು ಹೋಗಿ.”

ಅಕ್ಕ ಬಟ್ಟೆಯ ಬುಟ್ಟಿಯಲ್ಲಿ ಮರಿಗಳನ್ನು ತುಂಬಿ ಮನೆಯೊಳಗೆ ತಂದು ತನ್ನ ಕೋಳಿಯ ಮುಂದೆ ಬಿಟ್ಟಳು. ಅದು ಮೊದಲು ಸಿಕ್ಕ ಮರಿಯ ತಲೆಗೇ ಕುಕ್ಕಿತು.

“ನಿನ್ನ ಹೊಟ್ಟೆಯುರಿ ಮೇಲೆ ಮೊಟ್ಟೆ ಇಟ್ಟಿದ್ರೆ ಯಾವತ್ತೋ ಮರಿ ಆಗ್ತಿತ್ತು ಬಿಡು,” ಎಂದು ಗಂಡ ನಕ್ಕ.

ಅಷ್ಟರಲ್ಲಿ ಮರಿಗಳ ಕೂಗು ಕೇಳಿ ಓರಗಿತ್ತಿಯ ಕೋಳಿ ಹೊಸ್ತಿಲು ದಾಟಿ ಬಂತು. ಅಕ್ಕನ ಕೋಳಿಯನ್ನು ಅಟ್ಟಿ, ಹೊಲಿಗೆ ಮಿಷನ್ನಿನ ಪೆಡಲ್ ಮೇಲೆಯೇ ರೆಕ್ಕೆ ಹರಡಿ ಕೂತಿತು. ಮರಿಗಳೆಲ್ಲ ಅದರ ರೆಕ್ಕೆಯಡಿ ತೂರಿಕೊಂಡವು.

ಹಿಂದೆಯೇ ಬಂದ ಓರಗಿತ್ತಿ, “ನಿಮಗೆ ಹೊಲಿಗೆ ಇದೆಯಲ್ಲ, ಎತ್ಕೊಂಡು ಹೋಗ್ತೀನಿ,” ಎಂದಳು.

“ಮುಟ್ಟಬೇಡ! ನನ್ನ ಮನೇಲಿ ಕೂತಿದೆ, ಇಲ್ಲೇ ಇರ್ಲಿ.”

ಆ ದಿನವಿಡೀ ಅಕ್ಕ ಪೆಡಲ್ ತುಳಿಯಲಿಲ್ಲ. ಕೈಯಲ್ಲಿ ಗುಂಡಿ ಹೊಲಿಯುತ್ತ ಕೂತಳು. ಓಣಿಯವರಿಗೆ ಕಾಣಲೆಂದು ಬಾಗಿಲನ್ನು ಮಾತ್ರ ಅಗಲವಾಗಿ ತೆರೆದಿಟ್ಟಳು.