ಕೆರೆಯಂಚಿನ ಚಪ್ಪಲಿ

ನಾನು ಮೊದಲಿನಿಂದಲೂ ಪುಕ್ಕಲಿ. ಹಾಲು ಉಕ್ಕಿದ ಸದ್ದಿಗೂ ಎದೆ ಹಿಡಿದುಕೊಳ್ಳುವವಳು. ಇಂಥವಳನ್ನು ಕರೆದುಕೊಂಡು ಕೆರೆಯ ದಂಡೆಗೆ ಒಂದು ರಾತ್ರಿ ವಸ್ತಿ ಹೋಗೋಣವೆಂದು ನನ್ನ ಗಂಡ ಹೇಳಿದಾಗಲೇ ನಾನು ಬೇಡವೆನ್ನಬೇಕಿತ್ತು. ಆದರೆ ಮಗಳು ಮೊಬೈಲಿನಲ್ಲಿ ಯಾವುದೋ ದೇಶದವರು ಮನೆಯಂಥ ಗಾಡಿಯನ್ನು ನೀರಿನ ಪಕ್ಕ ನಿಲ್ಲಿಸಿ, ಅದರೊಳಗೇ ಉಂಡು ಮಲಗುವುದನ್ನು ನೋಡಿಬಿಟ್ಟಿದ್ದಳು. "ನಮ್ಮ ಕಡೇನೂ ಗಾಡಿ ಐತಲ್ಲ ಪಪ್ಪಾ?" ಎಂದಳು. ಅಷ್ಟೇ ಸಾಕಾಯಿತು. ಮಗಳು ಹಾಕಿದ ತಾಳಕ್ಕೆ ಕುಣಿಯುವುದರಲ್ಲಿ ನಮ್ಮ ಮನೆಯವರದು ಎತ್ತಿದ ಕೈ.

ಗಾಡಿಯೆಂದರೆ ಅಣ್ಣಿಗೇರಿಯಿಂದ ಹುಬ್ಬಳ್ಳಿ ಪೇಟೆಗೆ ಹತ್ತಿ, ಮೆಣಸಿನಕಾಯಿ ಹೇರುವ ನಮ್ಮ ಸಣ್ಣ ಟೆಂಪೋ. ಹಿಂದುಗಡೆ ಬಿದಿರು ಬಗ್ಗಿಸಿ ತಾಡಪತ್ರಿ ಕಟ್ಟಿದರು, ಕೆಳಗೆ ಗಾದಿ ಹಾಸಿದರು, ಮೂಲೆಗೆ ಗ್ಯಾಸಿನ ಒಲೆ ಇಟ್ಟರು. ಎಷ್ಟು ತೊಳೆದರೂ ಮೆಣಸಿನಕಾಯಿಯ ಘಾಟು ಹೋಗಿರಲಿಲ್ಲ. ಕಲಘಟಗಿ ದಾಟುವವರೆಗೆ ನಾನೂ ಮಗಳೂ ಸೀನುತ್ತಲೇ ಇದ್ದೆವು. ಅತ್ತೆ ಮಾತ್ರ ಕೌದಿ ಹೊದ್ದು, ತೊಡೆಯ ಮೇಲೆ ತಾಮ್ರದ ಕೊಡವನ್ನು ಕೂಸಿನಂತೆ ಇಟ್ಟುಕೊಂಡು ಕೂತಿದ್ದರು. ಕೊಡ ಯಾಕೆಂದು ಕೇಳಿದರೆ, "ನೀರಿನ ಊರಿಗೆ ಬರಿಗೈಲೆ ಹೋಗ್ತಾರೇನ?" ಎಂದರು.

ಕಾಡಿನ ಸೆರಗಿನಲ್ಲಿದ್ದ ದೊಡ್ಡ ಕೆರೆ ಅದು. ಆಚೆ ದಂಡೆಯ ದನಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತಿದ್ದವು. ಅಣ್ಣಿಗೇರಿ ಕಡೆಯ ಕೆರೆಗಳಿಗಿರುವಂಥ ಎತ್ತರದ ಏರಿ, ಕಲ್ಲಿನ ಮೆಟ್ಟಿಲು ಅಲ್ಲಿ ಕಾಣಲಿಲ್ಲ. ಹುಲ್ಲು ಇಳಿಜಾರಾಗಿ ಹೋಗಿ, ಎಲ್ಲಿ ನೆಲ ಮುಗಿಯಿತೆಂದು ತಿಳಿಯುವ ಮೊದಲೇ ನೀರಾಗುತ್ತಿತ್ತು. ಗಂಡನಿಗೆ ಅದು ಚಂದ ಕಂಡಿತು. ನನಗೆ ಅದೇ ಭಯ. ನನ್ನ ತವರು ಅಳ್ನಾವರ. ಅಲ್ಲಿ ಮಳೆಗಾಲದಲ್ಲಿ ನೀರು ತುಂಬುವ ಒಂದು ಕಲ್ಲುಗಣಿಯಿತ್ತು. ನಾನು ಸಣ್ಣವಳಿದ್ದಾಗ ಈಜಲು ಹೋದವನೊಬ್ಬ ಮೇಲೆ ಬರಲಿಲ್ಲ. ಬಂಡೆಯ ಮೇಲೆ ಅವನ ಚಪ್ಪಲಿಗಳಷ್ಟೇ ಇದ್ದವು. ಊರಿನ ಗಂಡಸರು ಅವುಗಳ ಸುತ್ತ ಸುಮ್ಮನೆ ನಿಂತಿದ್ದನ್ನು ನಾನು ನೋಡಿದ್ದೆ.

ಸಂಜೆ ಅಡುಗೆಗೆ ಕೂತಾಗ ಬೇಳೆಯ ವಿಷಯಕ್ಕೆ ನನಗೂ ಅತ್ತೆಗೂ ಮಾತು ಬೆಳೆಯಿತು. ನಾವು ಮನೆಯಿಂದ ಕ್ಯಾನಿನಲ್ಲಿ ತುಂಬಿಕೊಂಡು ಬಂದದ್ದು ಬೋರಿನ ನೀರು. ಅದರಲ್ಲಿ ಬೇಳೆ ಎಷ್ಟು ಕುದಿಸಿದರೂ ಕಲ್ಲು.

"ಬೋರಿನ ನೀರಿಗೆ ಬ್ಯಾಳಿ ಹಣ್ಣಾಗಂಗಿಲ್ಲ. ಇಷ್ಟು ಕೆರಿ ನೀರು ಹಾಕಿದ್ರ ಬೆಣ್ಣಿ ಆಗತೈತಿ," ಎಂದು ಅತ್ತೆ ಕೊಡ ಎತ್ತಿಕೊಂಡು ಎದ್ದರು.

"ಬ್ಯಾಡ್ರಿ ಅತ್ತ್ಯಾರ, ಅದ್ರಾಗ ಎಮ್ಮಿ ಬಿದ್ದಾವ," ಎಂದೆ.

"ಎಮ್ಮಿ ಬಿದ್ದ ನೀರು ಕುಡದ ನಾವು ಬದುಕಿಲ್ಲೇನ?"

"ನಿಮ್ಮ ಕಾಲ ಬ್ಯಾರೆ ಇತ್ರಿ. ನನ್ನ ಮಗಳಿಗೆ ಆ ನೀರು ಬ್ಯಾಡ."

ನನ್ನ ದನಿ ಸ್ವಲ್ಪ ಏರಿತ್ತು. ಅತ್ತೆ ಕೊಡ ಕೆಳಗಿಟ್ಟರು. ಎಲ್ಲರೂ ಕಟುಕುಟು ಎನ್ನುವ ಬೇಳೆಯನ್ನೇ ಅಗಿದು ಉಂಡು ಮಲಗಿದೆವು.

ಬೆಳಿಗ್ಗೆ ಎಚ್ಚರವಾದಾಗ ನನ್ನ ಎರಡೂ ಬದಿಯ ಕೌದಿಗಳು ಖಾಲಿ. ಗಂಡ ಹಾಲು ತರಲು ರಸ್ತೆ ಬದಿಯ ಹಳ್ಳಿಗೆ ನಡೆದುಕೊಂಡು ಹೋಗುವುದಾಗಿ ಮೊದಲೇ ಹೇಳಿದ್ದರು. ಅತ್ತೆ, ಮಗಳು ಹೊರಗೆ ಕೂತಿರಬೇಕೆಂದು ತಾಡಪತ್ರಿ ಸರಿಸಿದೆ. ಹೊರಗೆ ಬರೀ ಮಂಜು. ಕೂಗಿದೆ. ಮಗಳ ಹೆಸರು ಹಿಡಿದು, ಅತ್ತೆಯನ್ನು ಕರೆದು, ಮತ್ತೆ ಮಗಳ ಹೆಸರು ಹಿಡಿದು ಕೂಗಿದೆ. ಯಾರೂ ಓಗೊಡಲಿಲ್ಲ.

ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಹೋದವಳು ನಿಂತೆ. ನೀರು ಮುಟ್ಟುವಲ್ಲಿ ಎರಡು ಜೋಡಿ ಚಪ್ಪಲಿ. ಹಿಮ್ಮಡಿ ಸವೆದ ಅತ್ತೆಯ ಕಂದು ಚಪ್ಪಲಿ, ಅದರ ಪಕ್ಕ ಮಗಳ ಗುಲಾಬಿ ಚಪ್ಪಲಿ. ಎರಡೂ ನೀರಿನ ಕಡೆಗೇ ಮುಖ ಮಾಡಿದ್ದವು.

ಮಗು ಜಾರಿದೆ, ಹಿಡಿಯಲು ಹೋಗಿ ಅಜ್ಜಿಯೂ ಹೋಗಿದ್ದಾರೆ ಎಂದು ಯಾರೋ ಕಣ್ಣಾರೆ ಕಂಡು ಹೇಳಿದಷ್ಟು ಖಚಿತವಾಗಿ ನನಗನ್ನಿಸಿತು. ಮೊಬೈಲು ಗಾದಿಯ ಮೇಲೇ ಇತ್ತು. ಅದು ನೆನಪಿಗೂ ಬರಲಿಲ್ಲ. ನನಗೆ ಈಜು ಬರುವುದಿಲ್ಲವೆಂಬುದೂ ನೆನಪಾಗಲಿಲ್ಲ. ನೀರಿಗಿಳಿದೆ.

ಕೆಸರು ಕಾಲನ್ನು ಒಳಗೆಳೆಯಿತು. ಪಾದದಿಂದ ತಡವುತ್ತ, ಬಗ್ಗಿ ಕೈಯಾಡಿಸುತ್ತ ಮುಂದೆ ಹೋದೆ. ಒಮ್ಮೆ ಮೆತ್ತಗಿನದೊಂದು ಕಾಲಿಗೆ ತಾಗಿತು. ಆಗ ನನ್ನ ಬಾಯಿಂದ ಬಂದ ಸದ್ದು ಎಂಥದಿತ್ತೋ, ನೀರುಕೋಳಿಗಳು ಒಟ್ಟಿಗೇ ಎದ್ದು ಹಾರಿದವು. ಮುಳುಗಿ ಎತ್ತಿದರೆ ಕೊಳೆತ ಕೊಂಬೆ. ಅದನ್ನು ಎದೆಗೆ ಒತ್ತಿಕೊಂಡು ನಿಂತೆ. ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ನೀರು ಎದೆಯವರೆಗೆ ಬಂದಿತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಏನಿದೆಯೋ ಗೊತ್ತಿರಲಿಲ್ಲ, ಇಡದೆ ಇರುವುದೂ ಸಾಧ್ಯವಿರಲಿಲ್ಲ.

"ಏ ಹುಡುಗೀ! ನಿಂದ್ರು! ನಿಂದ್ರ ಬೇ!"

ತಿರುಗಿದೆ. ಮಂಜು ತುಸು ಸರಿದಿತ್ತು; ದೂರದ ಜೊಂಡಿನ ಮರೆಯಿಂದ ಅತ್ತೆ ಬರುತ್ತಿದ್ದರು. ಬರಿಗಾಲು, ಸೊಂಟದ ಮೇಲೆ ತುಂಬಿದ ಕೊಡ. ಹಿಂದೆ ಮಗಳು ಎರಡೂ ಕೈಯಲ್ಲಿ ತಂಬಿಗೆ ಹಿಡಿದಿದ್ದಳು. ಇಬ್ಬರೂ ಬದುಕಿದ್ದರು. ನನಗೆ ದನಿ ಹೊರಡಲಿಲ್ಲ. ಕೈ ಎತ್ತಿದೆ, ಅಷ್ಟೇ.

ಆ ಕೈ ನೋಡಿ ಅತ್ತೆಗೆ ಏನನ್ನಿಸಿತೋ. ತುಂಬಿದ ಕೊಡವನ್ನು ನೆಲಕ್ಕೆ ಬಿಟ್ಟರು. ಒಂದು ಹನಿ ಚೆಲ್ಲಿದರೂ ಬೈಯುವ ಹೆಂಗಸು, ಕೊಡ ಉರುಳುತ್ತಿದ್ದರೂ ನೋಡಲಿಲ್ಲ. ಸೀರೆ ಎತ್ತಿಕೊಳ್ಳದೆ ಸೀದಾ ನೀರಿಗೆ ನುಗ್ಗಿದರು.

"ಬ್ಯಾಳಿ ಮಾತಿಗೆ ಯಾರರ ಜೀವಾ ಕೊಡ್ತಾರೇನ ಯವ್ವಾ? ನಿಂದ ಖರೆ, ನಂದ ತಪ್ಪು! ಬೋರಿನ ನೀರಾಗ ಕುದಸ್ತೀನಿ, ಮ್ಯಾಲ ಬಾ!"

ನಾನು ಸಾಯಲು ಇಳಿದಿದ್ದೇನೆಂದು ಅವರು ತಿಳಿದಿದ್ದರು. ನಸುಕಿನಲ್ಲಿ, ಸೊಸೆಯೊಬ್ಬಳು, ಎದೆಮಟ ನೀರಿನಲ್ಲಿ. ನಮ್ಮ ಕಡೆ ಇದಕ್ಕೆ ಇರುವುದು ಒಂದೇ ಅರ್ಥ.

"ಬರಬ್ಯಾಡ್ರಿ ಅತ್ತ್ಯಾರ, ಜಾರತೈತಿ!" ಎಂದು ಕೊನೆಗೂ ಕಿರುಚಿದೆ. ಅವರು ಕೇಳಲಿಲ್ಲ. ಎರಡು ಹೆಜ್ಜೆಗೇ ಕಾಲು ಜಾರಿ ತಲೆಯವರೆಗೂ ಮುಳುಗಿದರು. ನಾನು ಕೊಂಬೆ ಎಸೆದು ಹೇಗೆ ಅಲ್ಲಿಗೆ ಮುಟ್ಟಿದೆನೋ ತಿಳಿಯದು. ಕೈಗೆ ಅವರ ಕೂದಲು ಸಿಕ್ಕಿತು, ಎಳೆದೆ. ಮೇಲೆ ಬಂದವರೇ ನನ್ನ ಮುಂಗೈ ಹಿಡಿದರು. ಯಾರು ಯಾರನ್ನು ದಂಡೆಗೆ ತಂದರೆಂದು ಇಂದಿಗೂ ಹೇಳಲಾರೆ.

ಮಗಳು ಅಳುತ್ತ ನಿಂತಿದ್ದಳು. "ಚಪ್ಪಲಿ ಯಾಕ ಬಿಟ್ಟಿದ್ರಿ ಅಲ್ಲಿ?" ಎಂದು ಅವಳ ಭುಜ ಅಲುಗಾಡಿಸಿದೆ.

"ಕುಡಿಯೋ ನೀರಿಗೆ ಚಪ್ಪಲಿ ಹಾಕ್ಕೊಂಡು ಹೋಗಬಾರದಂತ ಮಮ್ಮಿ. ಆಯಿ ಹೇಳಿದ್ಳು. ತಿಳಿ ನೀರು ಸಿಗೂತನಾ ಅಲ್ಲಿತನಕಾ ಹೋಗಿದ್ವಿ."

ಅಣ್ಣಿಗೇರಿ ಕಡೆ ಹಿಂದೆ ಎಲ್ಲರೂ ಹೀಗೇ ಮಾಡುತ್ತಿದ್ದರಂತೆ. ಕೆರೆಗೆ ಹೋದವರು ಚಪ್ಪಲಿಯನ್ನು ಏರಿಯ ಮೇಲೆ ಬಿಟ್ಟೇ ನೀರಿಗೆ ಇಳಿಯಬೇಕು. ನಾನು ಸೊಸೆಯಾಗಿ ಬರುವ ಹೊತ್ತಿಗೆ ನಲ್ಲಿ ಬಂದಿತ್ತು. ನನಗೆ ಯಾರೂ ಹೇಳಿರಲಿಲ್ಲ.

"ನಾ ನಿಮ್ಮನ್ನ ಹುಡುಕಾಕ ಇಳದಿದ್ನಿರಿ. ಚಪ್ಪಲಿ ನೋಡಿ ಹೆದರಿದ್ನಿ," ಎಂದೆ.

"ಹೂಂ, ಹೂಂ," ಎಂದರು ಅತ್ತೆ, ಜ್ವರ ಬಂದ ಕೂಸಿಗೆ ಹೇಳುವಂತೆ. ನಂಬಿರಲಿಲ್ಲ. ಮುಂಗೈ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಗಂಡ ಹಾಲಿನ ಚೀಲ ಹಿಡಿದು ಬಂದರು. ನಮ್ಮಿಬ್ಬರನ್ನೂ ನೋಡಿ ಗಾಬರಿಯಾಗಿ ಏನಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಂದ ಕಾಲು ಜಾರಿತಪಾ. ಇಕಿ ಹಿಡದ್ಲು. ನೀ ಚಾ ಕಾಸು ಹೋಗು," ಎಂದರು. ಮಗನ ಮುಂದೆ ನನ್ನ ಮರ್ಯಾದೆ ಕಾಯುತ್ತಿದ್ದರು.

ಗಂಡ ಆಚೆ ಹೋದ ಮೇಲೆ ಅತ್ತೆ ನೀರಿನ ಕಡೆ ನೋಡುತ್ತ ಮೆಲ್ಲಗೆ ಹೇಳಿದರು: "ನಮ್ಮಕ್ಕನೂ ಹಿಂಗ ಎದಿಮಟ ನೀರಾಗ ನಿಂತು ಹೊಳ್ಳಿ ನೋಡಿದ್ಲು. ಕೈ ಎತ್ತಿದ್ಲು. ನಾ ಸಣ್ಣಾಕಿ. ದಂಡ್ಯಾಗ ನಿಂತಿದ್ನಿ. ಇಳಿಯಾಕ ಹೆದರಿಕಿ ಆತವ್ವ ನನಗ."

ಅವರಿಗೆ ಅಕ್ಕ ಒಬ್ಬಳಿದ್ದಳೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವರ ಮಗನಿಗೂ. ಒದ್ದೆ ಸೀರೆಯಲ್ಲಿ ನಡುಗುತ್ತಿದ್ದ ಆ ಮುದುಕಿಗೆ, ನಾನು ಸಾಯಲು ಹೋಗಿರಲಿಲ್ಲವೆಂದು ಇನ್ನೊಮ್ಮೆ ಬಿಡಿಸಿ ಹೇಳಲು ಹೊರಟವಳು ತಡೆದೆ.

"ಹೌದ್ರಿ ಅತ್ತ್ಯಾರ," ಎಂದೆ. "ನೀವು ಇಳದು ಬಂದ್ರಿ, ನಾ ಉಳದ್ನಿ."