ನಡುವಿನ ನಾಲ್ಕು ಎಲ್‌ಇಡಿಗಳು

ಲಲಿತಾಬಾಯಿಯ ಸೋಲ್ಡರಿಂಗಿನಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು. ಹನ್ನೊಂದು ವರ್ಷದಿಂದ ಇದು ನನಗೊಬ್ಬನಿಗೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಬಾಲಾನಗರದ ಒಂದು ಸಣ್ಣ ಕಾರ್ಖಾನೆ. ಕಂಟ್ರೋಲ್ ಬೋರ್ಡುಗಳಿಗೆ ಸೋಲ್ಡರಿಂಗ್ ಮಾಡುವುದು ಅವಳ ಕೆಲಸ, ಅವುಗಳ ಚಿಪ್ಪಿಗೆ ಪ್ರೋಗ್ರಾಂ ಬರೆಯುವುದು ನನ್ನದು. ಅವಳು ರಾಯಚೂರಿನವಳು, ನಾನು ಕಲಬುರಗಿಯವನು. ಆ ತೆಲುಗು, ಹಿಂದಿಯ ಗದ್ದಲದಲ್ಲಿ ಕನ್ನಡಕ್ಕೆ ನಾವಿಬ್ಬರೇ. ಅದಕ್ಕೇ ನನ್ನನ್ನು 'ಅಣ್ಣಾರ' ಎನ್ನುತ್ತಿದ್ದಳು. ಸೋಲ್ಡರಿಂಗ್ ಮಾಡಿದವರು ಬೋರ್ಡಿನ ಮೂಲೆಯಲ್ಲಿ ತಮ್ಮ ಬಣ್ಣದ ಚುಕ್ಕೆ ಇಡಬೇಕೆಂಬುದು ಅಲ್ಲಿಯ ಪದ್ಧತಿ. ಅವಳದು ಹಳದಿ. ಪ್ರೋಗ್ರಾಂ ಬರೆದವನಿಗೆ ಯಾವ ಚುಕ್ಕೆಯೂ ಇರಲಿಲ್ಲ.

ಹೊಸ ಬೋರ್ಡಿನ ಎಂಟು ಎಲ್‌ಇಡಿಗಳಲ್ಲಿ ನಡುವಿನ ನಾಲ್ಕು ಹೊತ್ತಲಿಲ್ಲ. ನಾನು ನೋಡಿದ್ದು ಹಳದಿ ಚುಕ್ಕೆಯನ್ನು. ಮೂರು ಸಲ ಬೆಸುಗೆ ಬಿಚ್ಚಿಸಿ ಮತ್ತೆ ಹಾಕಿಸಿದೆ. ಮೂರನೆಯ ಸಲ ಅವಳು ಮೆಲ್ಲಗೆ ಅಂದಳು:

"ಅಣ್ಣಾರ, ಕೈ ತಪ್ಪಿದ್ರ ಒಂದೆರಡು ಕಡೆ ತಪ್ಪತೈತ್ರಿ. ಸಾಲಾಗಿ ನಾಕೂ ಹ್ಯಾಂಗ ತಪ್ಪತಾವ? ನಿಮ್ಮ ಪ್ರೋಗ್ರಾಂ ಒಮ್ಮೆ ನೋಡ್ರಿ."

ನನಗೇ ಪಾಠ ಹೇಳುತ್ತಾಳಲ್ಲ ಎಂದು ರೇಗಿತು. ಎಲ್ಲರೆದುರು ನಕ್ಕು, "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ!" ಎಂದುಬಿಟ್ಟೆ. ಥೂ, ಎಂಥ ನಾಲಗೆ ನನ್ನದು! ಆ ವಾರವೇ ಅವಳನ್ನು ಪ್ಯಾಕಿಂಗಿಗೆ ಹಾಕಿದರು.

ಮರುವಾರ ಚಿಪ್ಪಿನ ಕೈಪಿಡಿಯಲ್ಲಿ ಓದಿದೆ — ಆ ನಾಲ್ಕು ಎಲ್‌ಇಡಿಗಳ ಪಿನ್ನುಗಳನ್ನು ಚಿಪ್ಪು ತನ್ನ ತಪಾಸಣೆಗೆಂದು ಹಿಡಿದಿಟ್ಟುಕೊಂಡಿರುತ್ತದೆ. ಬಿಟ್ಟುಕೊಡು ಎಂದು ಪ್ರೋಗ್ರಾಮಿನಲ್ಲಿ ನಾವೇ ಹೇಳಬೇಕು. ನಾನು ಹೇಳಿರಲಿಲ್ಲ. ಎರಡು ಸಾಲು ಸೇರಿಸಿದೆ, ಎಂಟೂ ಹೊತ್ತಿದವು. ಆಗಲಾದರೂ ಅವಳ ಬಳಿ ಹೋಗಬೇಕಿತ್ತು, ಪ್ಯಾಕಿಂಗ್ ಕೋಣೆ ಇಪ್ಪತ್ತು ಹೆಜ್ಜೆ ಕೂಡ ಇರಲಿಲ್ಲ — ಹೋಗಲಿಲ್ಲ. 'ಸೋಲ್ಡರಿಂಗ್ ದೋಷ ಸರಿಪಡಿಸಲಾಗಿದೆ' ಎಂದು ವರದಿ ಬರೆದು ಸಹಿ ಹಾಕಿದೆ.

ಅವಳು ಮತ್ತೆಂದೂ ಸೋಲ್ಡರಿಂಗ್ ಮಾಡಲಿಲ್ಲ. ಬೇರೆ ಕಡೆಯಿಂದ ಕರೆ ಬಂದಾಗಲೂ, 'ನನ್ನ ಕೈ ಸರಿಯಿಲ್ಲ' ಎಂದು ತಾನೇ ಹೇಳಿಬಿಟ್ಟಳಂತೆ.

ಕಳೆದ ತಿಂಗಳು ಕುಷಾಯಿಗೂಡದ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ — ಬೈದಿದ್ದರೆ... ಅವಳು ಎರಡೂ ಕೈ ತಿರುಗಿಸಿ ನೋಡಿಕೊಂಡಳು. ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು.

"ಇವು ಚಲೋ ಇದ್ದಾಗ ಹೇಳಬೇಕಿತ್ತ್ರಿ, ಸರ," ಎಂದಳು.

ಚಹಾ ಕೊಟ್ಟಳು, ಕುಡಿದೆ. ಬಾಗಿಲವರೆಗೂ ಬಂದು ಕಳಿಸಿದಳು. 'ಅಣ್ಣಾರ' ಎಂದು ಮಾತ್ರ ಒಮ್ಮೆಯೂ ಕರೆಯಲಿಲ್ಲ.