ಬದುಕಿರುವ ಆಟಗಾರನ ಕಷ್ಟ

ನನಗೆ ಈಗೀಗ ವಾದ ಮಾಡಿದರೆ ಸುಸ್ತಾಗುತ್ತದೆ. ವಾದ ಕೇಳಿದರೂ ಸುಸ್ತಾಗುತ್ತದೆ. ಹಾಗಿದ್ದೂ ದಿನಾ ಬೆಳಿಗ್ಗೆ ಅನ್ನಪೂರ್ಣೇಶ್ವರಿ ನಗರದಲ್ಲಿ ಬಸ್ಸು ಹತ್ತಿ, ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಅರ್ಧ ಆಯಸ್ಸು ಕಳೆದು, ರಾಜಾಜಿನಗರದ ಒಂದು ಪಾರ್ಕಿಗೆ ಹೋಗಿ ಕೂರುತ್ತೇನೆ. ಮನೆ ಎದುರಿಗೇ ಪಾರ್ಕ್ ಇದೆಯಲ್ಲ ಎಂದು ಹೆಂಡತಿ ಕೇಳುತ್ತಾಳೆ. ಇದೆ, ಆದರೆ ಅಲ್ಲಿನವರು ಶುಗರಿನ ಬಗ್ಗೆ, ಸೈಟಿನ ಬಗ್ಗೆ ಮಾತಾಡುತ್ತಾರೆ. ರಾಜಾಜಿನಗರದ ನಮ್ಮ ಬೆಂಚಿನಲ್ಲಿ ಮಾತಿಗೆ ಇರುವುದು ಒಂದೇ ವಿಷಯ. ಮುಚ್ಚಿಹೋದ ನಮ್ಮ ಕಾರ್ಖಾನೆಯ ಫುಟ್‌ಬಾಲ್ ಟೀಮಿನಲ್ಲಿ ಯಾರು ದೊಡ್ಡ ಆಟಗಾರ ಎನ್ನುವುದು.

ಫುಟ್‌ಬಾಲ್ ಎಂದರೆ ಹಲಸೂರು, ಆಸ್ಟಿನ್ ಟೌನ್ ಕಡೆಯ ಆಟ. ನಮ್ಮ ಕಡೆ ಚೆಂಡು ಎಂದರೆ ಕ್ರಿಕೆಟ್ಟಿನದು, ಅದೂ ಪಕ್ಕದ ಮನೆಯ ಕಿಟಕಿಗೆ ಹೋಗಿ ಬೀಳುವಂಥದು. ಆದರೆ ಕಾರ್ಖಾನೆಯವರು ಒಂದು ಟೀಮು ಕಟ್ಟಿದರು, ಆ ಕಡೆಯ ಹುಡುಗರಿಗೆ ಕೆಲಸ ಕೊಟ್ಟರು, ಶಿಫ್ಟು ಬಿಟ್ಟವರೆಲ್ಲ ನೇರ ಮೈದಾನಕ್ಕೆ ಹೋಗಿ ಅಭಿಮಾನಿಗಳಾದೆವು. ನಾನು ಟೈಮ್ ಆಫೀಸಿನಲ್ಲಿದ್ದವನು. ಜೀವಮಾನದಲ್ಲಿ ಒಂದೇ ಒಂದು ಸಲ ಚೆಂಡು ಒದ್ದಿದ್ದೇನೆ. ಗೋಲಿನೊಳಗೆ ಹೋದದ್ದು ನನ್ನ ಚಪ್ಪಲಿ. ಅಂಥವನೂ ಯಾರ ಎಡಗಾಲು ಎಷ್ಟು ದುರ್ಬಲ ಎಂದು ಇಂದಿಗೂ ತೀರ್ಪು ಕೊಡುತ್ತೇನೆ.

ಈ ವಾದಕ್ಕೆ ಒಂದು ಒಳನಿಯಮವಿದೆ. ಅದು ನನಗೆ ತಿಳಿದದ್ದು ತಡವಾಗಿ. ಸೆಂಟರ್ ಫಾರ್ವರ್ಡ್ ಸೆಲ್ವಂ ಬದುಕಿದ್ದಷ್ಟು ಕಾಲವೂ ನಮ್ಮ ಬೆಂಚಿನಲ್ಲಿ ಅವನಿಗೆ ಸೋಂಬೇರಿ ಎಂದೇ ಹೆಸರು. ಚೆಂಡನ್ನು ಕಾಲ ಹತ್ತಿರಕ್ಕೇ ತಂದುಕೊಟ್ಟರೆ ಒದೆಯುವ ಮಹಾರಾಜ ಎಂದು ಬೆಂಚಿನ ಹಿರಿಯ, ಫಿಟ್ಟರ್ ಆಗಿದ್ದ ಶಿವಣ್ಣ, ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಸೆಲ್ವಂ ತೀರಿಕೊಂಡ. ಹನ್ನೊಂದನೆಯ ದಿನದ ಹೊತ್ತಿಗೆ ಅದೇ ಶಿವಣ್ಣ, ಚೆಂಡು ಎಲ್ಲಿಗೆ ಬರುತ್ತದೆಂದು ಸೆಲ್ವಂಗೆ ಮೊದಲೇ ಗೊತ್ತಿರುತ್ತಿತ್ತು, ಅದಕ್ಕೇ ಅವನು ಓಡುತ್ತಿರಲಿಲ್ಲ ಎಂದು ವಿವರಿಸುತ್ತಿದ್ದ. ಯಾರೂ ನಗಲಿಲ್ಲ. ನಾನೂ ತಲೆಯಾಡಿಸಿದೆ. ಆಮೇಲೆ ಗೋಲ್‌ಕೀಪರ್ ಹೋದ. ಅವನು ಬಿಟ್ಟುಕೊಟ್ಟ ಗೋಲುಗಳೆಲ್ಲ ಒಂದೊಂದಾಗಿ ಡಿಫೆಂಡರುಗಳ ತಲೆಗೆ ಬಂದವು, ಏಕೆಂದರೆ ಅವರು ಇನ್ನೂ ಬದುಕಿದ್ದರು.

ಇದೇನೂ ಹೊಸ ಪದ್ಧತಿಯಲ್ಲ. ಕೆಂಗೇರಿಯಾಚೆ ಹಳೆಯ ಊರುಗಳಲ್ಲಿ ಎಲ್ಲಾದರೂ ವೀರಗಲ್ಲು ಸಿಕ್ಕಿದರೆ ನಿಂತು ನೋಡಿ. ತುರು ಬಿಡಿಸಲು ಹೋಗಿ ಸತ್ತವನು ಕಲ್ಲಿನ ಮೇಲಂತಸ್ತಿನಲ್ಲಿ ಅಪ್ಸರೆಯರ ಜೊತೆ ಆರಾಮಾಗಿ ಕೂತಿರುತ್ತಾನೆ. ಅದೇ ಕಾಳಗದಲ್ಲಿ ಕಾಲು ಮುರಿದುಕೊಂಡು ವಾಪಸು ಬಂದವನಿಗೆ ಯಾವ ಕಲ್ಲೂ ಇಲ್ಲ. ಎರಡು ಹಸು ಕಡಿಮೆ ತಂದೆ ಎಂದು ಅವನು ಊರವರಿಂದ ಸಾಯುವ ತನಕ ಬೈಸಿಕೊಂಡಿರಬೇಕು.

ನಮ್ಮ ಬೆಂಚಿಗೆ ಹಾಗೆ ವಾಪಸು ಬಂದವನು ಗೋವಿಂದರಾಜು. ಹೆಗ್ಗನಹಳ್ಳಿಯವನು, ಟೀಮಿನ ಲೆಫ್ಟ್ ವಿಂಗರ್. ನಮ್ಮ ಪೈಕಿ ನಿಜವಾಗಿ ಆಡಿದವನು ಅವನೊಬ್ಬನೇ, ಹಾಗಾಗಿ ಅವನ ಮಾತಿಗೆ ಎಲ್ಲರಿಗಿಂತ ಬೆಲೆ ಕಡಿಮೆ. ಒಂದು ಫೈನಲ್ಲಿನಲ್ಲಿ ಅವನು ಪೆನಾಲ್ಟಿಯನ್ನು ಗೋಲಿನ ಬಾರಿನ ಮೇಲಿಂದ ಆಚೆ ಹೊಡೆದ. ಅವನು ಹೊಡೆದ ಗೋಲುಗಳನ್ನು ಯಾರೂ ಎತ್ತುವುದಿಲ್ಲ, ಪೆನಾಲ್ಟಿಯನ್ನು ಯಾರೂ ಬಿಡುವುದಿಲ್ಲ. ಅವನೂ ಬಿಡುತ್ತಿರಲಿಲ್ಲ. ಮೈದಾನ ಒದ್ದೆಯಾಗಿತ್ತು, ರೆಫರಿ ಅವಸರ ಮಾಡಿದ ಎಂದು ಕೂಗಾಡಿ, ಬೈಟೂ ಕಾಫಿಯಲ್ಲಿ ತನ್ನ ಪಾಲು ಬಿಟ್ಟು ಎದ್ದುಹೋಗುತ್ತಿದ್ದ. ಮರುದಿನ ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಿದ್ದ.

ನಾಲ್ಕು ತಿಂಗಳ ಹಿಂದೆ ಅವನಿಗೆ ಎದೆನೋವು ಬಂತು. ಬೈಪಾಸ್ ಆಗಬೇಕು ಎಂದರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವನು ಪಾರ್ಕಿಗೆ ಬಂದ. ಶಿವಣ್ಣ ಅವನ ಬೆನ್ನ ಮೇಲೆ ಕೈಯಿಟ್ಟು, "ನಿನ್ನಂಗೆ ಕ್ರಾಸ್ ಹಾಕೋರು ಆಮೇಲೆ ಯಾರೂ ಬರ್ಲೇ ಇಲ್ಲ ಕಣೋ ಗೋವಿಂದ" ಎಂದ. ಪೆನಾಲ್ಟಿ ಎಂಥೆಂಥವರಿಗೋ ತಪ್ಪುತ್ತದೆ ಎಂದು ಇನ್ನೊಬ್ಬರು ಹೇಳಿದರು. ಗೋವಿಂದರಾಜುವಿನ ಮುಖ ಬಿಳಿಚಿಕೊಂಡಿತು. ಗೇಟಿನ ಹತ್ತಿರ ನನ್ನ ಕೈ ಹಿಡಿದು ನಿಲ್ಲಿಸಿದ.

"ಮೂರ್ತಿ, ನನಗೆ ಹೇಳ್ದೇ ಇರೋದೇನಾದ್ರೂ ಡಾಕ್ಟ್ರು ನಿಮಗೆ ಹೇಳಿದಾರೇನೋ?"

ನಿಯಮ ಅವನಿಗೂ ಗೊತ್ತಿತ್ತು. ನಾನು ನಕ್ಕು ಹಾರಿಸಿದೆನಾದರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಹೆದರಿಕೆಯಾಗುತ್ತಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದ ಮೇಲೆ ಅವನು ಏಳಲೇ ಇಲ್ಲ. ಅವನ ಹೆಂಡತಿ ಜಯಮ್ಮ ಫೋನ್ ಮಾಡಿದರು. "ದಿನಾ ನಡೀಬೇಕು ಅಂತ ಡಾಕ್ಟ್ರು ಹೇಳಿದಾರೆ ಅಣ್ಣ. ಇವ್ರು ಗೋಡೆ ಕಡೆ ತಿರುಗಿಕೊಂಡು ಮಲಗಿರ್ತಾರೆ. ನೀವಾದ್ರೂ ಬಂದು ಒಂದ್ ಮಾತು ಹೇಳಿ."

ಹೋದೆ. ಗೋವಿಂದರಾಜು ಗೋಡೆ ನೋಡುತ್ತಲೇ ಒಂದೇ ಪ್ರಶ್ನೆ ಕೇಳಿದ. "ಬೆಂಚಿನಲ್ಲಿ ನನ್ನ ಬಗ್ಗೆ ಏನಂತಾರೆ?" ನಿಜವೇನೆಂದರೆ, ಅವತ್ತು ಬೆಳಿಗ್ಗೆಯಷ್ಟೇ ಶಿವಣ್ಣ ಕಣ್ಣೊರೆಸಿಕೊಂಡು ಅವನನ್ನು ನಮ್ಮ ಸಾರ್ವಕಾಲಿಕ ಹನ್ನೊಂದರ ತಂಡಕ್ಕೆ ಸೇರಿಸಿದ್ದ. ಅದನ್ನು ಹೇಳಿದ್ದರೆ ಗೋವಿಂದರಾಜು ಇನ್ನು ಏಳುತ್ತಿರಲಿಲ್ಲ.

"ಏನಂತಾರೆ, ಬೈತಾರೆ" ಎಂದೆ.

ಅವನು ಈ ಕಡೆ ತಿರುಗಿದ. ಯಾರು ಎಂದ. ಪಾರ್ಕಿನಲ್ಲಿ ಹೊಗಳಿ ಕಳಿಸಿದ್ದ ಶಿವಣ್ಣನ ಹೆಸರು ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

"ನಾನೇ ಅಂದೆ. ಆ ಪೆನಾಲ್ಟಿ ಹೊಡೆಯೋಕೆ ನಿನಗೆ ಧೈರ್ಯ ಇರ್ಲಿಲ್ಲ. ಕಾಲು ನಡುಗ್ತಿತ್ತು, ಗ್ಯಾಲರಿಯಲ್ಲಿದ್ದ ನನಗೇ ಕಾಣಿಸ್ತು."

ಇಷ್ಟು ವರ್ಷ ನಾವು ಅವನ ಕಾಲನ್ನು ಬೈದಿದ್ದೆವು, ಗುರಿಯನ್ನು ಬೈದಿದ್ದೆವು. ಧೈರ್ಯವನ್ನು ಯಾರೂ ಬೈದಿರಲಿಲ್ಲ. ಅದು ಸುಳ್ಳು ಕೂಡ. ಅವತ್ತು ನಮ್ಮ ಟೀಮಿನಲ್ಲಿ ಚೆಂಡು ಎತ್ತಿಕೊಂಡು ಮುಂದೆ ಬಂದವನು ಅವನೊಬ್ಬನೇ. ಗೋವಿಂದರಾಜು ಎದೆ ಹಿಡಿದುಕೊಂಡು ಎದ್ದು ಕೂತ.

"ನನ್ ಮನೆಯಿಂದ ಎದ್ದೋಗೋ" ಎಂದ.

ಜಯಮ್ಮ ಬಾಗಿಲ ತನಕವೂ ಬರಲಿಲ್ಲ.

ಈಗ ಅವನು ದಿನಾ ಪಾರ್ಕಿಗೆ ಬರುತ್ತಾನೆ. ಎರಡು ಸುತ್ತು ನಡೆದು ಬೆಂಚಿನ ಆ ತುದಿಯಲ್ಲಿ ಕೂರುತ್ತಾನೆ. ಶಿವಣ್ಣ ಮತ್ತೆ ಬೈಯಲು ಶುರು ಮಾಡಿದ್ದಾನೆ, ಅವನೂ ಮತ್ತೆ ಕೂಗಾಡುತ್ತಾನೆ. ಎಲ್ಲರ ಹತ್ತಿರವೂ ಮಾತು, ನನ್ನ ಹತ್ತಿರ ಮಾತ್ರ ಇಲ್ಲ. ನಲವತ್ತು ವರ್ಷದ ಗೆಳೆಯನಿರುವ ಬೆಂಚಿನಲ್ಲೇ ದಿನಾ ಹೀಗೆ ಬಾಯಿ ಮುಚ್ಚಿ ಕೂರುವುದು ಸುಸ್ತಿನ ಕೆಲಸ, ನೋವೂ ಆಗುತ್ತದೆ. ಇದ್ದದ್ದು ಹೀಗೆ ಎಂದು ಹೇಳಿಬಿಟ್ಟರೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಹೇಳಿದರೆ ಅವನು ನಾಳೆಯಿಂದಲೇ ಎಲ್ಲರೆದುರು ನನ್ನನ್ನು ಹೊಗಳಲು ಶುರು ಮಾಡುತ್ತಾನೆ. ನನಗೂ ವಯಸ್ಸಾಯಿತು, ಸದ್ಯಕ್ಕೆ ಅವನ ಸಿಟ್ಟೇ ಇರಲಿ.